ಹೊಸ್ತಿಲು ದಾಟಿದವನ ಎಡೆ

ನಮ್ಮ ಮನೆಯಲ್ಲಿ ಸತ್ತವರಿಗೆಲ್ಲ ವರ್ಷಕ್ಕೊಮ್ಮೆ ಊಟ ಸಿಗುತ್ತದೆ, ನನ್ನ ಮುತ್ತಾತನೊಬ್ಬನನ್ನು ಬಿಟ್ಟು. ಮಹಾಲಯ ಅಮಾವಾಸ್ಯೆಯ ದಿನ ನಾವು ಪಕ್ಷ ಮಾಡುತ್ತೇವೆ. ನಡುಮನೆಯಲ್ಲಿ ಬಾಳೆಲೆ ಹಾಸಿ, ಹಿರಿಯರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಡಿಸಿ, ಎಡೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ ಕೈ ಮುಗಿಯುತ್ತೇವೆ. ಅಪ್ಪನಿಗೆ ಕೋಳಿಸಾರು, ಜೊತೆಗೊಂದು ಬೀಡಿ ಕಟ್ಟು. ಅಮ್ಮನಿಗೆ ಪಾಯಸ. ತಾತನಿಗೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು. ಅಜ್ಜಿಗೆ ಕಜ್ಜಾಯ ಮತ್ತು ಎಲೆಯಡಿಕೆ, ಸುಣ್ಣ ಕೊಂಚ ಮುಂದಾಗಿರಬೇಕು. ಹೆಸರಿಡುವ ಮೊದಲೇ ಕಣ್ಣು ಮುಚ್ಚಿದ ನನ್ನ ತಮ್ಮನಿಗೂ ಒಂದು ಬಟ್ಟಲು ಹಾಲುಂಟು. ಮುತ್ತಾತನಿಗೆ ಮಾತ್ರ ಏನೂ ಇಲ್ಲ. ಅವನು ತೀವಾಂತ್ರಕ್ಕೆ ಹೋದವನು.

ನಮ್ಮ ತಾಳವಾಡಿ ಬೆಟ್ಟದ ಕಡೆಯವರ ಬಾಯಲ್ಲಿ ತೀವಾಂತ್ರ ಎಂದರೆ ಕಡಲಾಚೆಯ ಜೈಲು, ಅಂಡಮಾನು. ಬ್ರಿಟಿಷರು ಕಾಡಿಗೆ ಗಡಿಕಲ್ಲು ನೆಟ್ಟು, ಇದರೊಳಗೆ ದನ ಬಿಡಬಾರದು ಎಂದು ಹೊಸದಾಗಿ ಹೇಳಲು ಶುರುಮಾಡಿದ ಕಾಲವಂತೆ ಅದು. ಮುತ್ತಾತನ ದನಗಳನ್ನು ಕಾಡಿನ ವಾಚರ್ ಒಬ್ಬ ಹೊಡೆದುಕೊಂಡು ಹೋದ. ಇವನು ದೊಣ್ಣೆ ಹಿಡಿದು ಬೆನ್ನಟ್ಟಿ ಹೋಗಿ ಒಂದು ಬಿಟ್ಟ. ವಾಚರ್ ಮತ್ತೆ ಏಳಲಿಲ್ಲ. ಇದು ನಮ್ಮ ಮನೆಯವರು ಹೇಳುವ ಕತೆ. ಊರಿನ ಬೇರೆ ಮನೆಯವರು ಹೇಳುವ ಕತೆಯಲ್ಲಿ ದನ ಇಲ್ಲ, ಹೆಂಡ ಇದೆ. ಕುಡಿದ ಮತ್ತಿನಲ್ಲಿ ಒಂದು ಹುಂಜದ ವಿಷಯಕ್ಕೆ ಜಗಳವಾಯಿತಂತೆ. ನನಗೇನೋ ಎರಡನೆಯದೇ ನಿಜವಿರಬೇಕು ಎನಿಸುತ್ತದೆ, ನಮ್ಮ ವಂಶದವರ ಬುದ್ಧಿ ನನಗೆ ಗೊತ್ತು. ಯಾವುದಾದರೇನು, ಪೊಲೀಸರು ಬಂದು ಮನೆಯಿಂದಲೇ ಕಟ್ಟಿ ಎಳೆದುಕೊಂಡು ಹೋದರು. ಆಗ ನನ್ನ ತಾತ ತಾಯಿಯ ಸೊಂಟದ ಮೇಲಿದ್ದ ಕೂಸು.

ಆಮೇಲೆ ಸುದ್ದಿಯಿಲ್ಲ. ಬದುಕಿದನೋ ಸತ್ತನೋ, ಸತ್ತಿದ್ದರೆ ಹೂತರೋ ಸಮುದ್ರಕ್ಕೆ ಎಸೆದರೋ, ಒಂದೂ ಗೊತ್ತಿಲ್ಲ. ಸ್ವಲ್ಪ ದಿನಕ್ಕೆ ಮುತ್ತಾತನ ಮನೆಯೂ ಸೇರಿ ಕಾಡಿನೊಳಗಿದ್ದ ನಾಲ್ಕಾರು ಮನೆಯವರನ್ನೂ ಸರ್ಕಾರ ಎಬ್ಬಿಸಿತು. ಮುತ್ತಜ್ಜಿ ಕೂಸನ್ನು ಕಟ್ಟಿಕೊಂಡು ಈಗ ನಾವಿರುವ ತಿಗನಾರೆಗೆ ಬಂದು, ಅವರಿವರ ಹೊಲದಲ್ಲಿ ಕೂಲಿ ಮಾಡಿ ಮಗನನ್ನು ಸಾಕಿದಳು. ಸಾಯುವವರೆಗೂ ಕೈಯ ಬಳೆ ತೆಗೆಯಲಿಲ್ಲ. ಗಂಡನಿಗೆ ಎಡೆ ಇಡಲು ಯಾರನ್ನೂ ಬಿಡಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ನಾವೇ ಅವನನ್ನು ಕೊಂದ ಹಾಗೆ, ಸತ್ತದ್ದನ್ನು ನೋಡಿದವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎನ್ನುತ್ತಿದ್ದಳಂತೆ. ಎಲ್ಲಿಂದ ಕರೆತರುವುದು?

ಇದನ್ನೆಲ್ಲ ನನಗೆ ಹೇಳಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ನನ್ನ ತಾಯಿ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳೂ ಅವಳೇ. ಸಾಕಿದಳು ಎಂದರೆ ಮುದ್ದು ಮಾಡಿದಳು ಎಂದು ಯಾರೂ ತಿಳಿಯಬಾರದು. ಬೈಗುಳದಲ್ಲೇ ಉಣ್ಣಿಸಿ, ಬೈಗುಳದಲ್ಲೇ ಮಲಗಿಸಿ, ಬೈಗುಳದಲ್ಲೇ ಮದುವೆ ಮಾಡಿದಳು. ನನ್ನ ಹೆಂಡತಿ ಈ ಮನೆಗೆ ಬಂದ ಹೊಸತರಲ್ಲಿ ಅತ್ತೆಯ ಬಾಯಿಗೆ ಹೆದರಿ ಹಿತ್ತಲಲ್ಲಿ ಕೂತು ಅಳುತ್ತಿದ್ದಳು. ವರ್ಷ ಕಳೆಯುವುದರೊಳಗೆ ಅವರಿಬ್ಬರೂ ಒಂದಾಗಿ ನನ್ನನ್ನು ಬೈಯಲು ಶುರುಮಾಡಿದರು.

ತಾತ ಸಾಯುವಾಗ ಅತ್ತೆಯ ಕೈ ಹಿಡಿದುಕೊಂಡು ಒಂದು ಮಾತು ಕೇಳಿದ್ದನಂತೆ. ನಾನಂತೂ ಅಪ್ಪನಿಗೆ ಒಂದು ತುತ್ತು ಇಡಲಿಲ್ಲ, ನೀನಾದರೂ ಇಡಿಸು ಎಂದು. ತಾತ ಇದನ್ನು ಮಗನಿಗೆ ಹೇಳದೆ ಮಗಳಿಗೆ ಯಾಕೆ ಹೇಳಿದ ಎಂದು ಕೇಳಿದರೆ ಅತ್ತೆ, "ನಿಮ್ಮಪ್ಪ ದುಡಿಯ ಎತ್ತು ಕಣ್ಲಾ, ಅವನ್ಗ ಇದೆಲ್ಲ ಎಲ್ಲಿ ತಲಗ ಓಗದು" ಎನ್ನುತ್ತಿದ್ದಳು.

ಎಡೆ ಇಡುವುದು ಏನು ಮಹಾ, ಇನ್ನೊಂದು ಎಲೆ ಹಾಸಿದರೆ ಆಯಿತಲ್ಲ ಎಂದು ಓದುವವರಿಗೆ ಅನ್ನಿಸಬಹುದು. ನನಗೂ ಬಹಳ ವರ್ಷ ಹಾಗೇ ಅನ್ನಿಸಿತ್ತು. ಆದರೆ ನಮ್ಮ ವಂಶದಲ್ಲಿ ಒಂದು ಕಟ್ಟಳೆ ಇದೆ. ಮನೆಯಲ್ಲೇ ಸತ್ತವರಿಗೆ ತೊಂದರೆಯಿಲ್ಲ. ಹೊರಗೆಲ್ಲೋ ಸತ್ತವರಿಗೆ ಮಾತ್ರ ಮೊದಲ ಎಡೆಯನ್ನು ಅವರು ಕೊನೆಯ ಸಲ ದಾಟಿಹೋದ ಹೊಸ್ತಿಲ ಮೇಲೆಯೇ ಇಡಬೇಕು. ಆ ಹೊಸ್ತಿಲು ಅವರಿಗೆ ಗುರುತು. ಅಲ್ಲಿಗೆ ಬಂದು ಉಂಡು, ಒಳಗೆ ಕಾಲಿಟ್ಟರೆಂದರೆ ಹಿರಿಯರ ಜೊತೆ ಸೇರಿದಂತೆ. ಮುಂದಿನ ವರ್ಷದಿಂದ ಉಳಿದವರ ಜೊತೆ ನಡುಮನೆಯಲ್ಲೇ ಇಡಬಹುದು. ನನ್ನ ದಾಯಾದಿಯೊಬ್ಬ ತಿರುಪ್ಪೂರಿನಲ್ಲಿ ಬನಿಯನ್ ಕೆಲಸಕ್ಕೆ ಹೋಗಿ ಅಲ್ಲೇ ಸತ್ತಾಗ, ಅವನ ಹೆಂಡತಿ ಮಕ್ಕಳೆಲ್ಲ ಅಲ್ಲೇ ಇದ್ದರೂ ಇಲ್ಲಿಗೆ ಬಂದು, ಅವನು ಬ್ಯಾಗು ಹಿಡಿದು ದಾಟಿದ್ದ ಹೊಸ್ತಿಲಿಗೇ ಎಡೆ ಇಟ್ಟು ಹೋದರು. ಮುತ್ತಾತ ದಾಟಿದ್ದು ನಮ್ಮ ಈ ಮನೆಯ ಹೊಸ್ತಿಲನ್ನಲ್ಲ. ಈ ಮನೆ ಕಟ್ಟುವ ಹೊತ್ತಿಗೆ ಅವನು ಹೋಗಿ ಎಷ್ಟೋ ಕಾಲವಾಗಿತ್ತು. ಅವನಿಗೆ ಈ ಬಾಗಿಲು ಗೊತ್ತಿಲ್ಲ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಸತ್ಯಮಂಗಲದಿಂದ ಘಾಟಿ ಹತ್ತಿ ತಾಳವಾಡಿಗೆ ಬರುವ ಬಸ್ಸಿನಲ್ಲೇ ನನ್ನ ತಲೆಗೂದಲು ಉದುರಿತು. ಯಾರನ್ನು ನೋಡಿದರೂ ಇವರು ಎಲ್ಲಿ ಇಳಿಯುವವರು ಎಂದು ಯೋಚಿಸುವುದು ನನ್ನ ಚಾಳಿ. ಇಳಿಯುವ ಊರು ಹೇಳದವನಿಗೆ ಟಿಕೆಟ್ ಹರಿಯಲಾಗುವುದಿಲ್ಲ. ಮುತ್ತಾತನ ವಿಷಯದಲ್ಲಿ ನನ್ನ ತಲೆ ಕೆಡಿಸಿದ್ದು ಅದೇ. ಅವನು ಎಲ್ಲಿ ಇಳಿದ ಎಂದು ಯಾರಿಗೂ ಗೊತ್ತಿಲ್ಲ. ಎಲ್ಲಿ ಹತ್ತಿದ ಎಂಬುದನ್ನಾದರೂ ಹುಡುಕೋಣ ಎಂದು ರಿಟೈರ್ ಆದಮೇಲೆ ಹೊರಟೆ. ಅದಕ್ಕೆ ಮೊದಲು ಅತ್ತೆ ಎಷ್ಟು ಸಲ ಹೇಳಿದರೂ, ಬಿಡು ಅತ್ತೆ, ಸತ್ತವನಿಗೆ ಹಸಿವೆಯೇ ಎಂದು ನಕ್ಕು ಡ್ಯೂಟಿಗೆ ಹೋಗಿಬಿಡುತ್ತಿದ್ದೆ.

ನಗು ನಿಂತದ್ದು ಚಾಮರಾಜನಗರದ ಡಾಕ್ಟರು ಅತ್ತೆಯ ಎದೆಗೆ ಕೊಳವೆ ಇಟ್ಟು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, ಗುಂಡಿಗೆ ತುಂಬಾ ಸೋತಿದೆ, ಚೆನ್ನಾಗಿ ನೋಡಿಕೊಳ್ಳಿ ಎಂದಮೇಲೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅತ್ತೆ, "ಡಾಕುಟ್ರು ಯಾನಂದ್ರು ಅಂತ ನಾ ಕೇಳಕಿಲ್ಲ. ನಂಗ ಗೊತ್ತು. ನಮ್ಮಪ್ಪನ ತಕ್ಕ ಓದಾಗ ಅವನು ಕೇಳ್ತನ ಕಣ್ಲಾ, ಇಡ್ಸುದ್ಯಾ ಅಂತ. ಅವನ್ಗ ನಾ ಯಾನೇಳ್ಲಿ?" ಎಂದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಆ ದಿನ ನನಗೆ ಬಹಳ ಸಂಕಟವಾಯಿತು.

ಮೊದಲು ಅಂಡಮಾನಿನ ಕಡೆಯಿಂದಲೇ ಹುಡುಕಲು ನೋಡಿದೆ. ಸತ್ಯಮಂಗಲದ ವಕೀಲರೊಬ್ಬರಿಗೆ ಇಂಥದರಲ್ಲಿ ಆಸಕ್ತಿ. ಅಲ್ಲಿ ಶಿಕ್ಷೆ ಮುಗಿಸಿ ಅಲ್ಲೇ ಮದುವೆಯಾಗಿ ಬೇಸಾಯ ಮಾಡಿಕೊಂಡು ಉಳಿದವರೂ ಇದ್ದಾರೆ, ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ ಎಂದರು. ಹೆಸರೇನು ಎಂದು ಕೇಳಿದರು. ಹೇಳಿದೆ. ತಂದೆಯ ಹೆಸರು? ಗೊತ್ತಿಲ್ಲ. ಯಾವ ಕೋರ್ಟು, ಯಾವ ವರ್ಷ? ಗೊತ್ತಿಲ್ಲ. ಅವನ ಹೆಸರು ನಮ್ಮ ಬೆಟ್ಟದ ದೇವರ ಹೆಸರು. ನಮ್ಮೂರಿನಲ್ಲಿ ನಿಂತು ಆ ಹೆಸರು ಹಿಡಿದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ವಕೀಲರು ಚಹಾ ಕುಡಿಸಿ ಕಳಿಸಿದರು. ಆ ದಾರಿ ಅಲ್ಲಿಗೆ ಮುಗಿಯಿತು.

ಉಳಿದದ್ದು ಕಾಡಿನೊಳಗಿನ ಮನೆ. ಮುತ್ತಜ್ಜಿ ಅತ್ತೆಗೆ ಹೇಳಿದ್ದ ಗುರುತುಗಳಿದ್ದವು. ಎರಡು ಬೆಟ್ಟಗಳ ನಡುವಿನ ಸಂದು. ಅದರ ಕೆಳಗೊಂದು ಸಣ್ಣ ನೀರಿನ ಕಟ್ಟೆ. ಕಟ್ಟೆಯ ಮೇಲುಗಡೆ ಹಾಸುಬಂಡೆ, ಆ ಬಂಡೆಯಲ್ಲೇ ಕೊರೆದ ಒರಳು. ಒರಳಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಮೂಡಲಿಗೆ ಬಾಗಿಲಿದ್ದ ಮನೆ. ಅತ್ತೆ ಇವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ನಮ್ಮೂರಿನಿಂದ ನೋಡಿದರೆ ಆ ಸಂದು ಕಾಣುತ್ತದೆ, ಚಿಕ್ಕಂದಿನಿಂದ ನೋಡಿದ್ದೇವೆ. ಆದರೆ ಅಲ್ಲಿಗೆ ಹೋಗುವ ಹಾಗಿಲ್ಲ. ಈಗ ಅದು ಹುಲಿಗಳಿಗೆ ಮೀಸಲಾದ ಕಾಡು.

ತಾಳವಾಡಿಯ ಫಾರೆಸ್ಟ್ ಆಫೀಸಿಗೆ ನಾನು ಎಷ್ಟು ಸಲ ಹೋದೆ ಎಂದು ಲೆಕ್ಕ ಇಟ್ಟಿಲ್ಲ. ನಮ್ಮ ಬೆಟ್ಟ ತಮಿಳುನಾಡಿಗೆ ಸೇರಿದ್ದು, ರೇಂಜರ್ ಬಯಲುಸೀಮೆ ಕಡೆಯ ತಮಿಳು ಹುಡುಗ, ಕೆಟ್ಟವನಲ್ಲ. ಅರ್ಜಿ ಕೊಟ್ಟರೆ ಮರ್ಯಾದೆಯಿಂದ ತೆಗೆದುಕೊಂಡು ಮರ್ಯಾದೆಯಿಂದ ಆಗುವುದಿಲ್ಲ ಎನ್ನುತ್ತಿದ್ದ.

"ಅಲ್ಲಿ ಏನಿದೆ?" ಎಂದು ತಮಿಳಿನಲ್ಲಿ ಕೇಳಿದ.

"ನಮ್ಮ ಮನೆ."

"ಆ ಕಾಡಿನಲ್ಲಿ ಮನೆ ಯಾವುದೂ ಇಲ್ಲ ಅಯ್ಯಾ."

"ಇತ್ತು."

ಇತ್ತು ಎನ್ನುವುದಕ್ಕೆ ಸರ್ಕಾರದ ಹತ್ತಿರ ಅನುಮತಿ ಕೊಡುವ ದಾರಿಯಿಲ್ಲ. ಕೊನೆಗೆ ಒಂದು ದಿನ ಅತ್ತೆ ತಾನೇ ಬಂದು ಆಫೀಸಿನ ಬೆಂಚಿನ ಮೇಲೆ ಕೂತಳು. ಅವಳ ತಮಿಳು ಸಂತೆಯ ತಮಿಳು, ತರಕಾರಿ ಚೌಕಾಸಿಗೆ ಸಾಲುವಷ್ಟು. ಅಷ್ಟರಲ್ಲೇ ರೇಂಜರನ್ನು ಕೇಳಿದಳು, ಸಾಮಿ, ನಿಮ್ಮ ಊರಲ್ಲಿ ಅಮಾವಾಸ್ಯೆಗೆ ನೀವು ಯಾರಿಗೂ ಅನ್ನ ಇಡುವುದಿಲ್ಲವಾ ಎಂದು. ಹುಡುಗ ಪೆನ್ನು ಕೆಳಗಿಟ್ಟ. ಆಮೇಲೆ, ಅಮಾವಾಸ್ಯೆಯ ದಿನ ಬೆಳಿಗ್ಗೆ ಹೋಗಿ ಸಂಜೆಗೆ ಮೊದಲು ಹಿಂತಿರುಗಬೇಕು, ವಾಚರ್ ಜೊತೆಗಿರುತ್ತಾನೆ, ಬೆಂಕಿ ಹಚ್ಚಬಾರದು, ಒಂದು ಅಗುಳು ಅನ್ನವನ್ನೂ ಕಾಡಿನಲ್ಲಿ ಬಿಟ್ಟು ಬರಬಾರದು ಎಂದ.

"ಅವ್ನು ಉಂಡ್ಮೇಲ ಎಲ ಎತ್ಕ ಬತ್ತೀವಿ ಬುಡಿ" ಎಂದಳು ಅತ್ತೆ. ಅದನ್ನು ತಮಿಳಿಗೆ ತಿರುಗಿಸುವ ಧೈರ್ಯ ನನಗೆ ಬರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನನ್ನ ಹೆಂಡತಿ ಕೋಳಿ ಕೂಗುವ ಮೊದಲೇ ಎದ್ದು ಅಡುಗೆಗೆ ನಿಂತಳು. ಮುತ್ತಾತನಿಗೆ ಏನು ಇಷ್ಟ ಎಂಬುದೇ ಯಾರಿಗೂ ಗೊತ್ತಿಲ್ಲ. ಅತ್ತೆ ಒಲೆಯ ಪಕ್ಕ ಕೂತು, ಅವನ ಕಾಲಕ್ಕೆ ಏನಿತ್ತು, ರಾಗಿ ಇತ್ತು, ಅವರೆ ಇತ್ತು, ಕಾಡಿನ ಜೇನಿತ್ತು ಎಂದು ಲೆಕ್ಕ ಹಾಕಿ ಮುದ್ದೆ, ಅವರೆಕಾಳು ಸಾರು, ಒಂದು ಶೀಸೆ ಜೇನು ಕಟ್ಟಿಸಿದಳು. ಹುಂಜದ ಕತೆ ನೆನಪಾಗಿ ನಾನು, ಕೋಳಿ ಬೇಡವೇ ಎಂದೆ. ಇಬ್ಬರೂ ಒಟ್ಟಿಗೆ ಬೈದರು.

ಬಾಡಿಗೆ ಜೀಪು ಹೋಗುವವರೆಗೆ ಹೋಗಿ, ಉಳಿದದ್ದು ನಡಿಗೆ. ಅತ್ತೆ ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಂಡು ನಡೆದಳು. ನಾನು ಹೊತ್ತುಕೊಳ್ಳುತ್ತೇನೆ ಎಂದರೆ ಬಿಡಲಿಲ್ಲ, "ಎಣದಂಗ ಒತ್ಕಬ್ಯಾಡ, ಇನ್ನೂ ಜೀವ ಅದ" ಎಂದಳು. ಮುಂದೆ ವಾಚರ್, ನಡುವಯಸ್ಸಿನ ಮನುಷ್ಯ, ಆನೆಯ ಲದ್ದಿ ಕಂಡಲ್ಲೆಲ್ಲ ನಿಂತು ಕಾಲಿನಿಂದ ಒತ್ತಿ ನೋಡಿ ಮುಂದೆ ಹೋಗುತ್ತಿದ್ದ. ದಾರಿಯಲ್ಲಿ ಅತ್ತೆ ಅವನಿಗೆ ಒಂದು ಕಜ್ಜಾಯ ಕೊಟ್ಟು, ನಮ್ಮ ತಾತ ನಿಮ್ಮಂಥವನೊಬ್ಬನನ್ನು ಹೊಡೆದು ಕೊಂದಿದ್ದ ಎಂದು ಹೇಳಿಯೇಬಿಟ್ಟಳು. ಅವನು ಕಜ್ಜಾಯ ಬಾಯಲ್ಲಿಟ್ಟುಕೊಂಡೇ, "ಕೋಲ ಅತ್ಲಾಗ ಇಟ್ಕಳಿ ಅಜ್ಜಿ" ಎಂದು ನಕ್ಕ.

ಗುರುತುಗಳು ಒಂದೊಂದಾಗಿ ಸಿಕ್ಕವು. ಸಂದಿನ ಬಾಯಿಗೆ ಬಂದೆವು. ಕೆಳಗೆ ಕಟ್ಟೆ ಇತ್ತು, ಏರಿ ಒಡೆದು ಹೂಳು ತುಂಬಿತ್ತು, ಮಧ್ಯದಲ್ಲಿ ಆನೆ ಹೆಜ್ಜೆಗಳಲ್ಲಷ್ಟೇ ನೀರು. ಮೇಲೆ ಹತ್ತಿದರೆ ಹಾಸುಬಂಡೆ. ವಾಚರ್ ಕತ್ತಿಯಿಂದ ಲಾಂಟಾನ ಪೊದೆ ಸವರಿದ. ಬಂಡೆಯ ನಡುವೆ ದುಂಡಗಿನ ಒರಳು, ಮಳೆನೀರು ತುಂಬಿಕೊಂಡು ಕೂತಿತ್ತು.

ಅತ್ತೆ ಕೋಲು ಬಿಟ್ಟು ನೆಲಕ್ಕೆ ಕೂತೇಬಿಟ್ಟಳು. ಒರಳಿಗೆ ಕೈ ಹಾಕಿ, ನೀರನ್ನು ಕಣ್ಣಿಗೆ ಒತ್ತಿಕೊಂಡು, "ನಮ್ಮಜ್ಜಿ ಇದ್ರಲ್ಲೇ ನವಣ ಕುಟ್ತಿದ್ದದು ಕಣ್ಲಾ! ಇದೇಯ, ಇದೇಯ!" ಎಂದು ಕೂಗಿದಳು. ಅಷ್ಟು ವಯಸ್ಸಾದವಳ ಮುಖದಲ್ಲಿ ಅಷ್ಟು ಸಂತೋಷ ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಎಡೆಯ ಬುತ್ತಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು.

ಆ ಒರಳನ್ನು ನಾನೂ ನೋಡಿದ್ದೆ. ನೋಡಿದ್ದೇನು, ಅದರಲ್ಲಿ ಆಡಿದ್ದೆ.

ಜನ ಬಿಟ್ಟುಹೋದ ಊರಿನ ಮಣ್ಣು ಒಳ್ಳೆಯ ಗೊಬ್ಬರ ಎಂಬುದು ನಮ್ಮ ಕಡೆ ಎಲ್ಲ ರೈತರಿಗೂ ಗೊತ್ತು. ಒಲೆಯ ಬೂದಿ, ಕೊಟ್ಟಿಗೆಯ ಗಂಜಲ, ತಿಪ್ಪೆ, ಕರಗಿಬಿದ್ದ ಗೋಡೆ, ಎಲ್ಲ ಸೇರಿ ಕಪ್ಪಗೆ ಹದವಾದ ಮಣ್ಣು. ಹಾಳುಮಣ್ಣು ಎನ್ನುತ್ತಾರೆ. ನಾನು ಚಿಕ್ಕವನಿದ್ದಾಗ ಕಾಡಿಗೆ ಇಷ್ಟು ಬಿಗಿ ಇರಲಿಲ್ಲ. ಬೇಸಿಗೆ ಬಂತೆಂದರೆ ಊರಿನವರೆಲ್ಲ ಗಾಡಿ ಕಟ್ಟಿಕೊಂಡು ಹೋಗಿ, ಹಾಳುಬಿದ್ದ ಜಾಗಗಳನ್ನು ಅಗೆದು ಮಣ್ಣು ತುಂಬಿಕೊಂಡು ಬಂದು ಹೊಲಕ್ಕೆ ಸುರಿಯುತ್ತಿದ್ದರು. ಅಪ್ಪನೂ ಹೋಗುತ್ತಿದ್ದ. ನಾನು ಗಾಡಿಯಲ್ಲಿ ಕೂತು ಹೋಗಿ, ಅವನು ಅಗೆಯುವಷ್ಟು ಹೊತ್ತು ಬಂಡೆಯ ಮೇಲೆ ಒರಳಿಗೆ ಕಲ್ಲು ಹಾಕಿ ತೆಗೆದು ಆಡುತ್ತಿದ್ದೆ. ಯಾವ ಕಾಡು, ಯಾವ ಸಂದು ಎಂದು ಆ ವಯಸ್ಸಿನಲ್ಲಿ ಕೇಳಿದವನೂ ಅಲ್ಲ. ಬಗೆದ ಮಣ್ಣನ್ನು ಅಂಗೈಯಲ್ಲಿ ಹಿಸುಕಿ ಮೂಸಿ ನೋಡಿ ಅಪ್ಪ ತಲೆಯಾಡಿಸುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಬಾಯಿ ಬಿಡುವ ಮೊದಲೇ ಅತ್ತೆ ಎದ್ದು ಬಂಡೆಯ ಆಚೆಗೆ ನಡೆದಿದ್ದಳು. ಅಲ್ಲಿ ನೆಲವಿರಲಿಲ್ಲ. ಒಂದರ ಪಕ್ಕ ಒಂದು ಗುಂಡಿಗಳು, ಅಂಚು ಮೊಂಡಾಗಿ, ಒಳಗೆ ಲಾಂಟಾನ ಬೆಳೆದು.

"ಇದ್ಯಾನ್ಲಾ? ಅಂದಿ ಬಗ್ದವ?"

"ಅಂದಿ ಅಲ್ಲ ಅಜ್ಜಿ" ಎಂದ ವಾಚರ್. "ಇದು ಗುದ್ಲಿ ಕೆಲ್ಸ. ಅಳೇದು."

ಸುಳ್ಳು ಹೇಳಬಹುದಿತ್ತು. ಬಸ್ಸಿನಲ್ಲಿ ಇದ್ದಷ್ಟು ವರ್ಷ ಸೀಟಿಲ್ಲದ ಬಸ್ಸಿನಲ್ಲಿ ಸೀಟಿದೆ ಎಂದು ಹೇಳಿ ಜನ ಹತ್ತಿಸಿದವನಿಗೆ ಸುಳ್ಳು ಕಷ್ಟವಲ್ಲ. ಆದರೆ ಅವಳು ನನ್ನ ಮುಖ ನೋಡುತ್ತಿದ್ದಳು, ನನ್ನ ಮುಖ ಅವಳಿಗೆ ಎಂದೂ ಮುಚ್ಚಿದ್ದಲ್ಲ.

"ಅತ್ತ, ಇದು ಅಪ್ಪ ಮಣ್ಣೊಡ್ದ ಜಾಗ."

"ಯಾವ ಮಣ್ಣ?"

"ಆಳ್ಮಣ್ಣ. ಮೇಲ್ಗಡ ಒಲಕ್ಕ ಸುರೀತಿದ್ದದಲ್ಲ, ಅದು. ನಾನು ಗಾಡೀಲಿ ಬತ್ತಿದ್ದೆ. ಈ ಒಳ್ಳಲ್ಲೇ ಆಡ್ತಿದ್ದೆ."

ಅವಳು ಗುಂಡಿಯ ಅಂಚಿಗೆ ಹೋಗಿ ಇಣುಕಿದಳು. ಆಮೇಲೆ ನಿಧಾನವಾಗಿ, "ಗಂಡಸ್ರು ತಂದು ಸುರ್ದ್ರು. ಮಂಕ್ರೀಲಿ ಒತ್ತು ಒಲಕ್ಕೆಲ್ಲ ಎರಚ್ದೋಳು ನಾನು. ಮಡಕ ಚೂರು ಸಿಕ್ಕದು, ಕಾಲ್ಗ ಚುಚ್ತದ ಅಂತ ಆಯ್ದು ಬದೀಗ ಎಸ್ದೆ. ಯಾರ್ ಮನ ಮಡಕನೋ ಅಂತ ನಗ್ತಾ ಎಸ್ದೆ ಕಣ್ಲಾ" ಎಂದಳು.

ಅಪ್ಪನಿಗೆ ಗೊತ್ತಿರಲಿಲ್ಲ ಎಂದೆ. ಅವಳು ಗುಂಡಿಗೆ ಇಳಿಸು ಎಂದಳು. ವಾಚರ್ ಮತ್ತು ನಾನು ಕೈ ಹಿಡಿದು ಇಳಿಸಿದೆವು. ಒಂದು ಕಲ್ಲಾದರೂ, ಬಾಗಿಲ ಅಡಿಗಲ್ಲಾದರೂ ಸಿಗುತ್ತದೇನೋ ಎಂದು ಕೋಲಿನಿಂದ ಗಿಡ ಸರಿಸಿ ಸರಿಸಿ ನೋಡಿದಳು. ನಾನೂ ಬರಿಗೈಯಲ್ಲಿ ಕೆದಕಿದೆ. ಸಿಕ್ಕಿದ್ದು ಕೆಮ್ಮಣ್ಣು ಮತ್ತು ಬೇರು. ಅಗೆದವರು ಕಪ್ಪುಮಣ್ಣು ಮುಗಿದು ಕೆಂಪು ಬರುವವರೆಗೂ ಅಗೆದಿದ್ದರು, ಅಪ್ಪನ ಕೆಲಸ ಅಂದರೆ ಹಾಗೆಯೇ, ಅರ್ಧಕ್ಕೆ ಬಿಡುವವನಲ್ಲ. ಮನೆಯ ನೆಲ ಇದ್ದ ಮಟ್ಟಕ್ಕಿಂತ ಕೆಳಗೆ ನಾವು ನಿಂತಿದ್ದೆವು.

"ಎಲ್ಲಾರ ಒಂದ್ಕಡ ಇಟ್ಬುಡವ ಅತ್ತ" ಎಂದೆ. "ಇದೇ ಜಾಗ ತಾನೆ?"

"ಜಾಗ ಅಲ್ಲ ಕಣ್ಲಾ, ಒಸ್ಲು ಬೇಕು. ಅವನು ಯಾವ್ದ ನೋಡಿ ಗುರ್ತು ಇಡ್ದನು?"

ಆಗ ನನಗೆ ಒಂದು ಉಪಾಯ ಹೊಳೆಯಿತು. ಹೊಳೆದಾಗ ಬಹಳ ದೊಡ್ಡ ಉಪಾಯ ಎನ್ನಿಸಿತು. "ಮನೆಯೆಲ್ಲ ನಮ್ಮ ಮೇಲ್ಗಡ ಒಲದಲ್ಲೇ ಅದಲ್ಲ ಅತ್ತ! ಗೋಡೆ, ನೆಲ, ಎಲ್ಲ ಅಲ್ಲೇ ಬಿದ್ದದ. ಒಲದಲ್ಲೇ ಇಡವ" ಎಂದೆ. ಒಂದು ಕ್ಷಣ ಅವಳ ಮುಖ ಅರಳಿತು, ನಾನು ನೋಡಿದೆ. ಬುತ್ತಿಯನ್ನು ಎತ್ತಿಕೊಂಡು ಏಳಲು ಕೈ ಚಾಚಿದಳು. ಮತ್ತೆ ಕೈ ಇಳಿಸಿದಳು.

"ಒಲಕ್ಕ ಒಸ್ಲು ಎಲ್ಲದ್ಲಾ? ಒಳಗ್ಯಾವ್ದು, ಈಚ ಯಾವ್ದು? ಅವನು ಎಲ್ಲಿಂದ ಒಳಿಕ್ ಬಂದನು?"

ಆನೆ ಬರುವ ಹೊತ್ತಾಯಿತು ಎಂದು ವಾಚರ್ ಅವಸರ ಮಾಡಿದ. ಅನ್ನ ಬಿಟ್ಟು ಬರುವ ಹಾಗಿಲ್ಲ. ಕಟ್ಟಿಕೊಂಡು ಹೋದ ಬುತ್ತಿಯನ್ನು ಹಾಗೇ ಹೊತ್ತುಕೊಂಡು ಇಳಿದೆವು. ಈ ಸಲ ಅತ್ತೆ ಹೊತ್ತುಕೊಳ್ಳಬೇಡ ಎನ್ನಲಿಲ್ಲ. ನನ್ನ ಬೆನ್ನ ಮೇಲೆ ಅವಳ ತೂಕವೇ ಗೊತ್ತಾಗಲಿಲ್ಲ.

ಮನೆಗೆ ಬಂದರೆ ಇನ್ನೊಂದು ತಕರಾರು. ಸತ್ತವರಿಗೆಂದು ಕಟ್ಟಿದ ಅನ್ನವನ್ನು ಇಡದೆ ವಾಪಸ್ಸು ಒಳಗೆ ತರಬಾರದು, ನಾವು ಉಣ್ಣಲೂಬಾರದು. ಹೆಂಡತಿ ಬುತ್ತಿಯನ್ನು ಹಿತ್ತಲ ಕಲ್ಲಿನ ಮೇಲಿಟ್ಟಳು. ಬೀದಿನಾಯಿಗಳು ಬಂದು ತಿಂದವು. ಜೇನಿನ ಶೀಸೆಯನ್ನು ಏನು ಮಾಡಿದಳೋ ನಾನು ಕೇಳಲಿಲ್ಲ.

ಅದಾದ ಮೇಲೆ ಅತ್ತೆ ಬೈಯುವುದನ್ನು ನಿಲ್ಲಿಸಿದಳು. ನಮಗೆ ಅದೇ ದೊಡ್ಡ ಹೆದರಿಕೆಯಾಯಿತು. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದಳು. ಜಗಲಿಯಲ್ಲಿ ಕೂತರೆ ಮೇಲಿನ ಹೊಲದ ಕಡೆ ಬೆನ್ನು ಹಾಕಿ ಕೂರುತ್ತಿದ್ದಳು. ಒಂದು ದಿನ ತಾನಾಗಿಯೇ, ಆ ಮಣ್ಣು ಹಾಕಿದ ವರ್ಷ ರಾಗಿ ಆಳುದ್ದ ಬಂದಿತ್ತು, ನೀನು ಆಗ ಬೆಳೆಯುವ ಹುಡುಗ, ಎಷ್ಟು ಮುದ್ದೆ ಹಾಕಿದರೂ ಸಾಲುತ್ತಿರಲಿಲ್ಲ ಎಂದಳು. ಇದೇ ಸಮಯ ಎಂದುಕೊಂಡು ನಾನು, ಹಾಗಾದರೆ ಮುತ್ತಾತ ನಮಗೆಲ್ಲ ಅನ್ನ ಹಾಕಿದ ಹಾಗಾಯಿತಲ್ಲ ಅತ್ತೆ, ಅದಕ್ಕಿಂತ ಇನ್ನೇನು ಬೇಕು ಎಂದೆ. ಬಸ್ಸು ಕೆಟ್ಟು ನಿಂತಾಗ ಪ್ರಯಾಣಿಕರಿಗೆ ಹೇಳುವಂಥ ಸಮಾಧಾನ ಅದು.

"ನಾವು ಉಂಡೊ ಸರಿ" ಎಂದಳು. "ಅವನು ಉಣ್ಲಿಲ್ವಲ್ಲ."

ನಾನು ಹಟಕ್ಕೆ ಬಿದ್ದೆ. ಕಟ್ಟಳೆ ಮಾಡಿದವರು ಮನುಷ್ಯರೇ, ಮುಂದಿನ ಪಕ್ಷಕ್ಕೆ ಈ ಮನೆಯ ಹೊಸ್ತಿಲಲ್ಲೇ ಅವನಿಗೂ ಇಡುತ್ತೇನೆ, ಬಂದರೆ ಬರಲಿ ಎಂದೆ. ಹೆಂಡತಿಯೂ ನನ್ನ ಕಡೆ ಸೇರಿದಳು. ಅತ್ತೆ ಕೋಪ ಮಾಡಿಕೊಳ್ಳಲಿಲ್ಲ, ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಗೊತ್ತಿಲ್ಲದ ಬಾಗಿಲಲ್ಲಿ ಎಡೆ ಇಟ್ಟರೆ ದಾರಿಯಲ್ಲಿ ಹೋಗುವ ಯಾರೋ ಉಂಡು ಹೋಗುತ್ತಾರೆ, ಅವನು ದೂರದಲ್ಲಿ ನಿಂತು ನೋಡುತ್ತಾನೆ, ಅಷ್ಟೆ, ಅದು ಇನ್ನೂ ಪಾಪ ಎಂದಳು. ಆಮೇಲೆ ನಮ್ಮಿಬ್ಬರನ್ನೂ ಹತ್ತಿರ ಕೂರಿಸಿಕೊಂಡು ಹೇಳಿದಳು:

"ನಾ ಸತ್ಮೇಲ ನಂಗೂ ಎಡ ಮಡಗ್ಬ್ಯಾಡಿ. ಅವನೊಬ್ನೇ ಈಚ ನಿಂತವ್ನ. ಎಷ್ಟ್ ಕಾಲದಿಂದ ನಿಂತವ್ನ. ನಾನೂ ಈಚಲೇ ಇರ್ತೀನಿ, ಒಬ್ರಿಗೊಬ್ರು ಜೊತ ಆಯ್ತದ. ಆಣ ಮಾಡಿ."

ಹೆಂಡತಿ ಅಳುತ್ತ ಎದ್ದು ಹೋದಳು. ನಾನು, ಹೀಗೆಲ್ಲ ಮಾತಾಡಬೇಡ, ತಲೆ ಕೆಟ್ಟಿದೆಯಾ ನಿನಗೆ ಎಂದು ರೇಗಿದೆ. ಅವಳು ಕೈ ಚಾಚಿ ಹಿಡಿದೇ ಇದ್ದಳು. ಕೊನೆಗೆ ನಾನು ಆಣೆ ಮಾಡಿದೆ.

ಬೇಸಿಗೆಯಲ್ಲಿ ಅತ್ತೆ ಹೋದಳು. ಹಗಲು ಹೊತ್ತಿನಲ್ಲಿ, ಜಗಲಿಯ ಮೇಲೆ, ಯಾರಿಗೂ ತೊಂದರೆ ಕೊಡದೆ. ಜಗಲಿಯೂ ಮನೆಯ ಲೆಕ್ಕವೇ, ಮನೆಯಲ್ಲೇ ಸತ್ತವಳು, ಅವಳಿಗೆ ಹೊಸ್ತಿಲಿನ ಕಟ್ಟಳೆಯೂ ಇರಲಿಲ್ಲ. ಸುಮ್ಮನೆ ಒಂದು ಎಲೆ ಹಾಸಿ ಬಡಿಸಿದ್ದರೆ ತಾತ, ಅಜ್ಜಿ, ಅಪ್ಪನ ಪಕ್ಕ ಬಂದು ಕೂರುತ್ತಿದ್ದಳು.

ಈ ವರ್ಷ ಪಕ್ಷ ಬಂತು. ನಡುಮನೆಯಲ್ಲಿ ಎಲೆಗಳನ್ನು ಹಾಸಿದೆವು. ಎಲ್ಲರಿಗೂ ಬಡಿಸಿದ ಮೇಲೂ ಹೆಂಡತಿಯ ಕೈಯಲ್ಲಿ ಒಂದು ಎಲೆ ಉಳಿದಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಅವಳು ಆ ಎಲೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಕೈ ಮುಗಿದು, ಹೊಗೆ ಆರುವವರೆಗೆ ಕಾದು, ನಾವು ಊಟಕ್ಕೆ ಕೂತೆವು. ನನ್ನ ಬಾಯಿಗೆ ಮೊದಲ ತುತ್ತು ಇಟ್ಟವಳಿಗೆ ಒಂದು ತುತ್ತು ಇಡದೆ ನಾನು ಉಂಡೆ.

ಸಂಜೆ ಕಾಡಿನ ಅಂಚಿನ ಹೊಲಗಳಲ್ಲಿ ಪಟಾಕಿ ಸಿಡಿಯಿತು, ಆನೆ ಇಳಿದಿರಬೇಕು. ಹೆಂಡತಿ ಎದ್ದು ಬಾಗಿಲು ಹಾಕಿ ಅಗಳಿ ಜಡಿದಳು. ಹೊರಗೆ ಅವರಿಬ್ಬರಿದ್ದರು.